ಸೋನಾಮುಖಿಯ ಪರೀಕ್ಷೆ

ಮಲಬದ್ಧತೆಯ ಮಾತನ್ನು ನಾಲ್ಕು ಜನರ ನಡುವೆ ಎತ್ತಲು ಸಂಕೋಚಪಡುವುದು ನಮ್ಮಲ್ಲಿ ಸಭ್ಯತೆಯ ಲಕ್ಷಣವೆಂದೇ ಎಣಿಕೆಯಾಗಿದೆ. ಆದರೆ ಈ ಸಂಕೋಚಕ್ಕೆ ನಾವು ತೆರುವ ಬೆಲೆ ಅಲ್ಪವಲ್ಲ. ಬಾಧೆಯುಳ್ಳವರು ವೈದ್ಯರಲ್ಲಿಗೆ ಹೋಗುವ ಮೊದಲು ಅಂಗಡಿಗೆ ಹೋಗುತ್ತಾರೆ. ತಿಂಗಳಲ್ಲ, ಎಷ್ಟೋ ವೇಳೆ ವರ್ಷಗಟ್ಟಲೆ, ತಮಗೆ ತಾವೇ ವೈದ್ಯರಾಗಿರುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆಯ ಹಿರಿಯರಿಗೆ ಔಡಲೆಣ್ಣೆಯೂ ಅಳಲೆಕಾಯಿಯ ಪುಡಿಯೂ ಸೋನಾಮುಖಿಯ ಎಲೆಯೂ ಅಪರಿಚಿತ ವಸ್ತುಗಳಲ್ಲ. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ ಹೇಳುತ್ತದೆ. ಈಗಿನ ನಂಬಿಕೆ ಇದಕ್ಕೆ ವಿರುದ್ಧವಾದದ್ದು: ಗಿಡವೆಂದ ಮೇಲೆ ಅದು ಮದ್ದೇ, ಮದ್ದಾದರೂ ನಿರಪಾಯಕರವೇ, ಎಂದು. ಈ ಎರಡು ಮಾತುಗಳಲ್ಲಿ ಯಾವುದನ್ನೂ ಪರೀಕ್ಷಿಸದೆ ಒಪ್ಪುವುದು ವಿವೇಕವಲ್ಲ. ಪರೀಕ್ಷಿಸುವುದು ಹೇಗೆ ಎಂಬುದನ್ನು ಸೋನಾಮುಖಿಯ ಉದಾಹರಣೆಯಿಂದ ನೋಡೋಣ.

ಸೋನಾಮುಖಿಗೆ ನೆಲಾವರಿಕೆ ಎಂಬ ಹೆಸರೂ ಉಂಟು. ತಮಿಳು ನಾಡಿನ ತಿರುನೆಲ್ವೇಲಿಯ ಸೀಮೆಯಲ್ಲಿ ಬೆಳೆದ ಇದರ ಎಲೆ ಜಗತ್ತಿನ ಔಷಧ ವ್ಯಾಪಾರದಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಎಲೆ ಭೇದಿಮಾಡಿಸುತ್ತದೆಂಬುದು ಶತಮಾನಗಳ ಅನುಭವ. ಎಲೆಯೊಳಗಿನ ಯಾವ ಸತ್ತ್ವ ಈ ಕೆಲಸವನ್ನು ಮಾಡುತ್ತದೆಂಬುದು ಮಾತ್ರ ಹತ್ತಿರದ ಕಾಲದ ತಿಳಿವಳಿಕೆ. ೧೯೪೧ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟೋಲ್ ಎಂಬ ರಸಾಯನ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಎಲೆಯಿಂದ ಎರಡು ದ್ರವ್ಯಗಳನ್ನು ಬೇರ್ಪಡಿಸಿ ಅವಕ್ಕೆ ಸೆನ್ನೋಸೈಡ್ ಎಂದು ಹೆಸರಿಟ್ಟರು.

ಈ ಸೆನ್ನೋಸೈಡಿನ ನಡೆ ವಿಚಿತ್ರವಾದದ್ದು. ಅದರ ಅಣುವಿಗೆ ಸಕ್ಕರೆಯ ಅಂಶ ಅಂಟಿಕೊಂಡಿರುತ್ತದೆ. ಆದ್ದರಿಂದ ಅದು ಜಠರವನ್ನೂ ಸಣ್ಣ ಕರುಳನ್ನೂ ಬಹುಮಟ್ಟಿಗೆ ಮಾರ್ಪಡದೆಯೇ ದಾಟಿಹೋಗುತ್ತದೆ. ದೊಡ್ಡ ಕರುಳನ್ನು ತಲಪಿದ ಮೇಲೆ ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ಕಿತ್ತು, ಉಳಿದುದನ್ನು ರೀನ್ ಆಂಥ್ರೋನ್ ಎಂಬ ದ್ರವ್ಯವನ್ನಾಗಿ ಪರಿವರ್ತಿಸುತ್ತವೆ. ನಿಜವಾದ ಮದ್ದು ಇದೇ. ಇದು ದೊಡ್ಡ ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ, ಮಲದಲ್ಲಿರುವ ನೀರು ಮರಳಿ ರಕ್ತಕ್ಕೆ ಹೀರಿಹೋಗುವುದನ್ನು ತಡೆಯುತ್ತದೆ. ಅಂದರೆ ಮದ್ದಿನ ಅರ್ಧ ಭಾಗವನ್ನು ಗಿಡ ಮಾಡಿದರೆ ಉಳಿದರ್ಧವನ್ನು ನಮ್ಮ ಉದರವೇ ಮಾಡುತ್ತದೆ. ಇದಕ್ಕೆಲ್ಲ ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ರಾತ್ರಿ ಮಲಗುವಾಗ ತೆಗೆದುಕೊಂಡು ಬೆಳಗ್ಗೆ ಫಲವನ್ನು ಕಾಣುವ ಹಳೆಯ ರೂಢಿಗೆ ಕಾರಣವೂ ಇದೇ.

ಇಷ್ಟು ತಿಳಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಮದ್ದು ಹೇಗೆ ಕೆಲಸಮಾಡುತ್ತದೆಂಬುದು ಒಂದು ಪ್ರಶ್ನೆ. ಬಹುದಿನದ ಮಲಬದ್ಧತೆಯುಳ್ಳವರಿಗೆ ಅದರಿಂದ ಹಿತವಾಗುತ್ತದೆಯೇ ಎಂಬುದು ಬೇರೊಂದು ಪ್ರಶ್ನೆ. ಔಡಲೆಣ್ಣೆಯನ್ನೇ ನೋಡಿ. ಅದರ ರಿಸಿನೋಲಿಕ್ ಆಮ್ಲ ಕರುಳಿನ ಸ್ನಾಯುಗಳಲ್ಲಿರುವ ಒಂದು ನಿರ್ದಿಷ್ಟ ಗ್ರಾಹಕವನ್ನು ಪ್ರಚೋದಿಸುತ್ತದೆಂದು ಜರ್ಮನಿಯ ಸಂಶೋಧಕರು ೨೦೧೨ರಲ್ಲಿ ತೋರಿಸಿದರು. ಆ ಗ್ರಾಹಕವಿಲ್ಲದ ಇಲಿಗಳಿಗೆ ಔಡಲೆಣ್ಣೆ ಭೇದಿಮಾಡಿಸಲಿಲ್ಲ. ಕಾರಣ ಇಷ್ಟು ನಿಚ್ಚಳವಾದರೂ ಔಡಲೆಣ್ಣೆ ನಿತ್ಯಸೇವನೆಗೆ ತಕ್ಕ ಮದ್ದೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದಕಾರಣ ಯಾವ ಗಿಡಮದ್ದಿನ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಎಷ್ಟು? ಯಾವುದಕ್ಕೆ ಹೋಲಿಸಿ? ಎಷ್ಟು ಕಾಲ?

ಮೊದಲನೆಯದು, ಎಷ್ಟು ಎಂಬುದು. ಇದನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪು ಬಣ್ಣಕ್ಕೆ ಹೆಸರಾದುದು, ಖಾರ ಕಡಮೆ. ಖಾರವನ್ನು ಕೊಡುವ ಕ್ಯಾಪ್ಸೈಸಿನ್ ಅದರಲ್ಲಿ ಅಲ್ಪ. ಗುಂಟೂರಿನ ಕಾಯಿಯೂ ಮೆಣಸಿನಕಾಯಿಯೇ. ಆದರೆ ಒಂದರ ಬದಲು ಅಷ್ಟೇ ತೂಕದ ಇನ್ನೊಂದನ್ನು ಸಾರಿಗೆ ಹಾಕಿದ ಗೃಹಿಣಿಗೆ ವ್ಯತ್ಯಾಸ ಊಟದ ಹೊತ್ತಿಗೆ ತಿಳಿಯುತ್ತದೆ. ಗಿಡದ ಹೆಸರು ಒಂದೇ ಆದರೂ ಸತ್ತ್ವದ ಪ್ರಮಾಣ ಒಂದೇ ಅಲ್ಲ. ಸೋನಾಮುಖಿಯಲ್ಲಿಯೂ ಹೀಗೆಯೇ: ಎಲೆಯೋ ಕಾಯಿಯೋ, ಕೊಯ್ದ ಕಾಲ ಯಾವುದು, ಒಣಗಿಸಿದ ಕ್ರಮ ಯಾವುದು ಎಂಬುದರ ಮೇಲೆ ಸೆನ್ನೋಸೈಡಿನ ಅಂಶ ಹೆಚ್ಚುಕಡಮೆಯಾಗುತ್ತದೆ. ಒಂದು ಚಿಟಿಕೆ, ಒಂದು ಹಿಡಿ ಎಂಬ ಅಳತೆಗಳಿಂದ ಪರೀಕ್ಷೆ ನಡೆಯದು. ಸತ್ತ್ವವನ್ನು ಮಿಲಿಗ್ರಾಮಿನಲ್ಲಿ ಅಳೆದು ಗುಳಿಗೆ ಮಾಡುವುದು ಈ ಕಾರಣದಿಂದಲೇ.

ಎರಡನೆಯದು ಹೋಲಿಕೆ. ಮಲಬದ್ಧತೆ ತಾನಾಗಿಯೇ ಏರಿ ಇಳಿಯುವ ಬಾಧೆ. ಬೇಸಗೆಯಲ್ಲಿ ನೀರು ಸಾಲದೆ ಹೆಚ್ಚುತ್ತದೆ. ಊರು ಬಿಟ್ಟು ಊರಿಗೆ ಹೋದಾಗ ಹೆಚ್ಚುತ್ತದೆ. ಮರಳಿ ಬಂದರೆ ತಗ್ಗುತ್ತದೆ. ಮನುಷ್ಯನು ಮದ್ದನ್ನು ಹುಡುಕುವುದು ಬಾಧೆ ತುತ್ತತುದಿಗೇರಿದಾಗ. ತರುವಾಯ ಅದು ಇಳಿಯಲೇಬೇಕಾಗಿದ್ದರೂ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಮದ್ದು ತೆಗೆದುಕೊಂಡೆನೆಂಬ ಭರವಸೆಯಿಂದಲೂ ಕೆಲವರಿಗೆ ಹಿತವೆನಿಸುತ್ತದೆ. ಈ ಭ್ರಾಂತಿಯನ್ನು ಕಳೆಯಲು ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮದ್ದನ್ನೂ ಮತ್ತೊಂದಕ್ಕೆ ನೋಟದಲ್ಲಿ ಅದರಂತೆಯೇ ಇರುವ, ಆದರೆ ಸತ್ತ್ವವಿಲ್ಲದ ಹುಸಿಮದ್ದನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಸಂದಿತೆಂಬುದು ಕೊನೆಯವರೆಗೆ ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಅಳೆಯುವ ಕ್ರಮವೂ ಖಚಿತವಾಗಿರಬೇಕು: ವಾರಕ್ಕೆ ಎಷ್ಟು ಸಲ ಬೇರೆ ನೆರವಿಲ್ಲದೆ ಮಲವಿಸರ್ಜನೆಯಾಯಿತು, ಪೂರ್ತಿಯಾಯಿತೆಂಬ ಸಮಾಧಾನವಿತ್ತೇ, ಬಹಳ ತಿಣುಕಬೇಕಾಯಿತೇ ಎಂಬುದನ್ನು ರೋಗಿಗಳು ದಿನದಿನವೂ ಬರೆದಿಡುತ್ತಾರೆ.

ಇಂಥದೊಂದು ಪರೀಕ್ಷೆಯ ಫಲ ಜಪಾನಿನಿಂದ ೨೦೨೧ರಲ್ಲಿ ಪ್ರಕಟವಾಯಿತು. ಬಹುದಿನದ ಮಲಬದ್ಧತೆಯುಳ್ಳ ೯೦ ಜನರನ್ನು ಮೂರು ಗುಂಪು ಮಾಡಿ ೨೮ ದಿನಗಳ ಕಾಲ ಒಂದಕ್ಕೆ ಸೋನಾಮುಖಿಯನ್ನೂ, ಒಂದಕ್ಕೆ ಮೆಗ್ನೀಸಿಯಂ ಆಕ್ಸೈಡನ್ನೂ, ಒಂದಕ್ಕೆ ಹುಸಿಮದ್ದನ್ನೂ ಕೊಟ್ಟರು. ಒಟ್ಟಿನಲ್ಲಿ ಗುಣಕಂಡವರು ಸೋನಾಮುಖಿಯ ಗುಂಪಿನಲ್ಲಿ ನೂರಕ್ಕೆ ಸುಮಾರು ೬೯, ಮೆಗ್ನೀಸಿಯಂ ಗುಂಪಿನಲ್ಲಿ ಸುಮಾರು ೬೮, ಹುಸಿಮದ್ದಿನ ಗುಂಪಿನಲ್ಲಿ ಸುಮಾರು ೧೨. ನಮ್ಮ ಹಿರಿಯರ ಅನುಭವಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಅಂಕಿಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಗಿಡದ ಮದ್ದು ಸಾಮಾನ್ಯವಾದ ಒಂದು ಖನಿಜ ಲವಣವನ್ನು ಮೀರಿಸಲಿಲ್ಲ. ಫಲ ಗಿಡದ ಮಹಿಮೆಯಲ್ಲ, ತಕ್ಕ ಪ್ರಮಾಣದ ತಕ್ಕ ದ್ರವ್ಯದ ಗುಣ.

ಮೂರನೆಯದು ಕಾಲ. ೨೮ ದಿನಗಳ ಪರೀಕ್ಷೆ ೨೮ ದಿನಗಳ ಮಾತನ್ನು ಮಾತ್ರ ಹೇಳಬಲ್ಲುದು. ಹತ್ತು ವರ್ಷ ನಿತ್ಯ ಸೇವಿಸುವವನಿಗೆ ಅದು ಅಭಯಪತ್ರವಲ್ಲ. ಅಮೆರಿಕದ ಜೀರ್ಣಾಂಗ ತಜ್ಞರ ಎರಡು ಸಂಘಗಳು ಕೂಡಿ ೨೦೨೩ರಲ್ಲಿ ಹೊರಡಿಸಿದ ಮಾರ್ಗಸೂಚಿ ಸೋನಾಮುಖಿಯನ್ನು ಒಪ್ಪಿತು; ಆದರೆ ಆ ಒಪ್ಪಿಗೆ ಷರತ್ತಿನದು, ಪ್ರಬಲವಾದುದಲ್ಲ. ಅತಿಯಾಗಿ ಸೇವಿಸಿದರೆ ಹೊಟ್ಟೆನೋವು, ಭೇದಿ, ದೇಹದ ಪೊಟ್ಯಾಸಿಯಂ ನಷ್ಟ ಇವು ಉಂಟಾಗಬಹುದು. ಬಹುಕಾಲ ಸೇವಿಸಿದವರ ಕರುಳಿನ ಒಳಪೊರೆ ಕಂದುಬಣ್ಣಕ್ಕೆ ತಿರುಗುವುದುಂಟು. ಮದ್ದನ್ನು ನಿಲ್ಲಿಸಿದರೆ ಅದು ತಿಂಗಳುಗಳಲ್ಲಿ ಮಾಸುತ್ತದೆ. ಲೋಳೆಸರದ ಕಥೆಯೂ ನೆನಪಿನಲ್ಲಿಡತಕ್ಕದ್ದು. ಅದರ ಎಲೆಯ ಹಳದಿ ರಸದಿಂದ ಮಾಡಿದ ವಿರೇಚಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೨೦೦೨ರಲ್ಲಿ ಅವಕಾಶವನ್ನು ತೆಗೆದುಹಾಕಿತು. ನಿರಪಾಯವೆಂಬುದಕ್ಕೆ ಬೇಕಾದ ಪರೀಕ್ಷೆಗಳ ಫಲವನ್ನು ತಯಾರಕರು ಒದಗಿಸಲಿಲ್ಲವೆಂಬುದೇ ಕಾರಣ. ಪುರಾತನವೆಂಬುದು ಪರೀಕ್ಷೆಗೆ ಬದಲಾಗಲಾರದು.

ಇಷ್ಟರಿಂದ ನಮಗೆ ಆಗಬೇಕಾದ ಪ್ರಯೋಜನವೇನು? ಮೊದಲು ಆಹಾರ. ಜೋಳದ ರೊಟ್ಟಿ, ಕಾಳುಪಲ್ಲೆ, ಹಸಿಸೊಪ್ಪುಗಳ ಊಟದಲ್ಲಿ ನಾರಿನ ಅಂಶ ಧಾರಾಳವಾಗಿದೆ. ಬಿಳಿಯ ಅನ್ನ, ಮೈದಾಹಿಟ್ಟಿನ ತಿಂಡಿಗಳು ಹೆಚ್ಚಿದ ಊಟದಲ್ಲಿ ಅದು ಕಡಮೆ. ನೀರು, ನಡಿಗೆ, ಕರೆ ಬಂದಾಗ ತಡೆಯದಿರುವುದು ಇವು ಹಣ ಬೇಡದ ಉಪಾಯಗಳು. ಇವು ಸಾಲದಿದ್ದರೆ ಮದ್ದು. ಅದೂ ಅಳೆದ ಪ್ರಮಾಣದಲ್ಲಿ, ಕೆಲವು ದಿನಗಳ ಮಟ್ಟಿಗೆ. ಬಸುರಿಯರೂ ಚಿಕ್ಕ ಮಕ್ಕಳೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದುಂಟು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ತಲೆದೋರಿದರೆ, ಐವತ್ತು ದಾಟಿದವರ ಮಲಪ್ರವೃತ್ತಿ ಹಠಾತ್ತಾಗಿ ಬದಲಾದರೆ, ಹೊಟ್ಟೆಯುಬ್ಬರದೊಡನೆ ವಾಂತಿಯಾದರೆ, ಆಗ ಯಾವ ಎಲೆಯೂ ಬೇಡ, ಯಾವ ಎಣ್ಣೆಯೂ ಬೇಡ; ವೈದ್ಯರೇ ಬೇಕು. ಕರುಳಿನ ಅರ್ಬುದರೋಗ ಮಲಬದ್ಧತೆಯ ವೇಷದಲ್ಲಿ ಬರುವುದುಂಟು. ಅಂಥ ಹೊತ್ತಿನಲ್ಲಿ ವಿರೇಚಕ ಬಾಧೆಯನ್ನು ತಗ್ಗಿಸಿ ಬೆಲೆಯುಳ್ಳ ತಿಂಗಳುಗಳನ್ನು ಕಳೆದುಬಿಡುತ್ತದೆ. ಮನೆಯ ಹಿರಿಯರು ನಾಚಿಕೆಯಿಂದ ಹೇಳದಿರುವುದನ್ನು ಕಿರಿಯರು ಕೇಳಿ ತಿಳಿಯಬೇಕು. ಹಿರಿಯರ ಅನುಭವ ಒಳ್ಳೆಯ ಪ್ರಶ್ನೆಯನ್ನು ನಮ್ಮ ಕೈಗೆ ಕೊಟ್ಟಿದೆ. ಅದಕ್ಕೆ ಉತ್ತರವನ್ನು ಅಳೆದು, ಹೋಲಿಸಿ, ಕಾದು ಪಡೆಯುವುದು ನಮ್ಮ ಪಾಲಿನ ಕೆಲಸ.