ಜಗಲಿಯ ಮಗ್ಗುಲಿನ ನೆರಳು

ನಗರದ ಮನೆಗಳಲ್ಲಿ ಜಗಲಿಗೂ ಕಾಂಪೌಂಡಿನ ಗೋಡೆಗೂ ನಡುವೆ ಐದಾರು ಅಡಿ ಅಗಲದ ನೆಲವೊಂದು ಉಳಿದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಬಿಸಿಲು ಸುಳಿಯುವುದು ಅಪರೂಪ. ನೆಟ್ಟ ಗುಲಾಬಿ ಮೊಗ್ಗು ಬಿಡದು. ಒಂದೆರಡು ಸಲ ಸೋತ ಮನೆಯವರು ಕೊನೆಗೆ ಸಿಮೆಂಟು ಬಳಿಸಿ ನಿಶ್ಚಿಂತರಾಗುತ್ತಾರೆ. ಆದರೆ ನೆರಳಿನಲ್ಲಿಯೂ ಬೆಳಕಿದೆ. ಅದು ಎಷ್ಟು, ಎಂತಹದು, ಯಾವ ತಿಂಗಳಲ್ಲಿ ಬರುವುದು ಎಂಬುದನ್ನರಿತು ಗಿಡವನ್ನು ಆರಿಸಿದರೆ ಆ ನೆಲವೇ ಮನೆಯ ತಂಪಾದ ಮೂಲೆಯಾಗಬಲ್ಲದು.

ಮೊದಲು ದಿಕ್ಕನ್ನು ನೋಡೋಣ. ಮನೆಯ ಉತ್ತರಕ್ಕೆ ಸದಾ ನೆರಳೆಂಬುದು ಯೂರೋಪಿನ ಮಾತು. ನಮ್ಮಲ್ಲಿ ಅದು ಅರ್ಧಸತ್ಯ. ಬೆಂಗಳೂರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ೨೨ರ ನಡುಹಗಲಿನಲ್ಲಿ ೧೦ ಅಡಿ ಎತ್ತರದ ಗೋಡೆ ಉತ್ತರಕ್ಕೆ ಸುಮಾರು ೭ ಅಡಿ ನೆರಳು ಚೆಲ್ಲುತ್ತದೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ ವಾಲಿರುವುದರಿಂದ ಅದೇ ನೆಲಕ್ಕೆ ನೇರ ಬಿಸಿಲು ತಗಲುತ್ತದೆ. ಚಳಿಗಾಲದಲ್ಲಿ ನಗುತ್ತಿದ್ದ ಜರಿಗಿಡ ಮೇ ತಿಂಗಳಲ್ಲಿ ಸುಟ್ಟು ಕರಕಾಗುವುದು ಇದರಿಂದಲೇ. ಆದುದರಿಂದ ನೆಡುವ ಮುನ್ನ ವರ್ಷದ ಬೇರೆ ಬೇರೆ ಕಾಲಗಳಲ್ಲಿ ನೆರಳಿನ ಅಂಚಿಗೆ ಗುರುತಿಡುವುದು ಲೇಸು.

ಇನ್ನು ಬೆಳಕಿನ ಪ್ರಮಾಣ. ನಡುಹಗಲ ಬಿಸಿಲಿನ ಪ್ರಖರತೆ ಸುಮಾರು ೧,೦೦,೦೦೦ ಲಕ್ಸ್. ಮೇಲೆ ಆಕಾಶ ತೆರೆದಿರುವ ಗೋಡೆಯ ನೆರಳಿನಲ್ಲಿ ಸುಮಾರು ೧೦,೦೦೦ ಲಕ್ಸ್. ಗುಲಾಬಿಗೆ ಇದು ಉಪವಾಸ, ಜರಿಗಿಡಕ್ಕೆ ಮೃಷ್ಟಾನ್ನ. ನೆರಳಿನ ಸಸ್ಯಗಳ ಎಲೆಗಳು ಅಗಲವಾಗಿಯೂ ತೆಳುವಾಗಿಯೂ ಇದ್ದು, ದೊರೆತ ಅಲ್ಪ ಬೆಳಕನ್ನು ಚೆನ್ನಾಗಿ ಹಿಡಿಯುತ್ತವೆ. ಅವುಗಳ ಉಸಿರಾಟದ ವೆಚ್ಚವೂ ಕಡಿಮೆ.

ಮರದ ನೆರಳಿನ ಬಗೆ ಬೇರೆ. ಮೇಲಿನ ಎಲೆಗಳು ಕೆಂಪು ಮತ್ತು ನೀಲಿ ಕಿರಣಗಳನ್ನು ಹೀರಿಕೊಂಡು, ಕೆಂಪಿನಂಚಿನ ಕಣ್ಣಿಗೆ ಕಾಣದಂತಹ ಕಿರಣಗಳನ್ನು ಕೆಳಗೆ ಬಿಡುತ್ತವೆ. ೧೯೫೯ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಪತ್ತೆಹಚ್ಚಿದ, ಫೈಟೋಕ್ರೋಮ್ ಎಂದು ಹೆಸರಾದ ವರ್ಣದ್ರವ್ಯವು ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಆಗ ಬಿಸಿಲು ಬಯಸುವ ಗಿಡವು ಬೆಳಕನ್ನರಸಿ ಕಡ್ಡಿಯಂತೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಅದಕ್ಕೆ ಗೊಬ್ಬರ ಸುರಿದು ಫಲವಿಲ್ಲ.

ಹಾಗಾದರೆ ಏನು ನೆಡಬೇಕು? ಮಲೆನಾಡಿನ ಅಡಕೆ ತೋಟವೇ ನಮಗೆ ಗುರು. ಅಲ್ಲಿ ಅಡಕೆಯ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ಬುಡದ ತಂಪಿನಲ್ಲಿ ಏಲಕ್ಕಿ ಬೆಳೆದಿದೆ. ಈ ಅಂತಸ್ತುಗಳನ್ನೇ ಚಿಕ್ಕದಾಗಿ ಮಾಡೋಣ: ಗೋಡೆಯ ಬದಿಯ ಕಂಬಕ್ಕೆ ವೀಳ್ಯದ ಅಥವಾ ಮೆಣಸಿನ ಬಳ್ಳಿ, ಅದರ ಮುಂದೆ ಜರಿಗಿಡ ಮತ್ತು ಕೆಸು, ನೆಲಕ್ಕೆ ಒಂದೆಲಗ. ಕಣ್ಣಿಗೆ ಹಸಿರು, ಅಡುಗೆಮನೆಗೆ ತಂಬುಳಿಯ ಸೊಪ್ಪು.

ಕೆಲವು ಎಚ್ಚರಿಕೆಗಳುಂಟು. ಮಣ್ಣಿನ ಮಟ್ಟ ಮನೆಯ ನೆಲಗಟ್ಟಿಗಿಂತ ಅರ್ಧ ಅಡಿಯಾದರೂ ತಗ್ಗಿರಲಿ, ಇಳಿಜಾರು ಗೋಡೆಯಿಂದ ಆಚೆಗಿರಲಿ. ಇಲ್ಲವಾದರೆ ತೇವ ಗೋಡೆಯನ್ನು ಹತ್ತುವುದು. ನೆರಳಿನಲ್ಲಿ ನೀರು ಬೇಗ ಆರದು. ಬೆರಳಿನಿಂದ ಮಣ್ಣನ್ನು ಮುಟ್ಟಿ ನೋಡಿಯೇ ನೀರೆರೆಯಬೇಕು. ಕುಂಡದ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯನ್ನು ಉಜ್ಜಬೇಕು. ಡೆಂಗೇ ಹರಡುವ ಸೊಳ್ಳೆ ಅಂತಹ ನೀರಿನಲ್ಲಿಯೇ ಹುಟ್ಟುತ್ತದೆ. ನುಣುಪಾದ ಸಿಮೆಂಟಿನ ಮೇಲೆ ಹಬ್ಬುವ ಪಾಚಿ ವೃದ್ಧರನ್ನು ಜಾರಿಸಿ ಬೀಳಿಸೀತು; ಓಡಾಡಲು ಒರಟು ಕಲ್ಲುಚಪ್ಪಡಿಗಳನ್ನು ನಡುವೆ ಸಂದು ಬಿಟ್ಟು ಹಾಸುವುದು ಕ್ಷೇಮ.

ಆ ಸಂದುಗಳಿಗೆ ಇನ್ನೊಂದು ಬೆಲೆಯೂ ಇದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಸುರಿದರೆ ಒಂದು ಲೀಟರು ನೀರಾಗುತ್ತದೆ. ಬೆಂಗಳೂರಿನಂತೆ ವರ್ಷಕ್ಕೆ ಸುಮಾರು ೯೭೦ ಮಿಲಿಮೀಟರು ಮಳೆಯಾಗುವಲ್ಲಿ, ಆಕಾಶಕ್ಕೆ ತೆರೆದ ೨೦ ಅಡಿ ಉದ್ದ, ೫ ಅಡಿ ಅಗಲದ ನೆಲದ ಮೇಲೆ ಬೀಳುವ ನೀರು ಸುಮಾರು ೯,೦೦೦ ಲೀಟರು. ಸಿಮೆಂಟು ಬಳಿದರೆ ಅದು ಚರಂಡಿಯ ಪಾಲು. ಮಣ್ಣನ್ನು ಉಳಿಸಿದರೆ ಬಹುಪಾಲು ಬೇರಿಗೂ ಅಂತರ್ಜಲಕ್ಕೂ ಸಲ್ಲುತ್ತದೆ. ಬಾವಿಗಳು ಬತ್ತುತ್ತಿರುವ ನಗರದಲ್ಲಿ ಇದು ಸಣ್ಣ ಉಳಿತಾಯವೇನೂ ಅಲ್ಲ.