ಕಾಲಡಿಯ ಚಿತ್ರ ಯಾರದು?

ಮೆಲ್ಬರ್ನಿನಲ್ಲಿರುವ ಅಕ್ಕನ ಮಗಳು ಈ ಸಲ ರಜೆಗೆ ಬಂದಾಗ ನನಗೊಂದು ಯೋಗ ಮ್ಯಾಟ್ ತಂದಳು. ಬಿಡಿಸಿ ಹಾಸಿದರೆ ಕೆಮ್ಮಣ್ಣಿನ ಬಣ್ಣದ ನೆಲ, ಅದರ ತುಂಬ ಸಾಸಿವೆ ಚೆಲ್ಲಿದಂತೆ ಬಿಳಿ, ಹಳದಿ ಚುಕ್ಕಿಗಳು, ನಡುನಡುವೆ ಒಂದರೊಳಗೊಂದು ವೃತ್ತಗಳು, ಅವುಗಳ ಸುತ್ತ ಲಾಳದಂಥ ಗುರುತುಗಳು. ಅಮ್ಮ ನೋಡಿ, “ರಂಗೋಲಿ ಇದ್ದಂಗಿದೆಯಲ್ಲೋ, ಇದನ್ನ ತುಳಕೊಂಡು ಯೋಗ ಮಾಡ್ತೀಯಾ?” ಎಂದರು. ಆಸ್ಟ್ರೇಲಿಯಾದ ನ್ಯಾಯಾಲಯವೊಂದರ ಮುಂದೆ 1994ರಲ್ಲಿ ಹೆಚ್ಚುಕಡಿಮೆ ಇದೇ ಮಾತು ಬಂದಿತ್ತು. ಅದಕ್ಕೆ ಮೊದಲು, ಮ್ಯಾಟಿನ ಮೇಲೆ ಏನಿದೆ ಎಂದು ನೋಡೋಣ.

ಇದು ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿಗಳ ಚಿತ್ರ. ಆಕಾಶದಿಂದ ನೆಲವನ್ನು ನೋಡಿದಂತೆ ಬರೆಯುವುದು ಇದರ ಕ್ರಮ. ವೃತ್ತದೊಳಗಿನ ವೃತ್ತ ಸಾಮಾನ್ಯವಾಗಿ ನೀರಿನ ಹೊಂಡ, ಇಲ್ಲವೇ ಬಿಡಾರ. ಬಾಣದಂಥದ್ದು ಎಮು ಹಕ್ಕಿಯ ಹೆಜ್ಜೆ. ಲಾಳವೆಂದರೆ ಮನುಷ್ಯ: ಚಕ್ಕಳಮಕ್ಕಳ ಹಾಕಿ ಕೂತವರು ಎದ್ದುಹೋದ ಮೇಲೆ ಮರಳಿನಲ್ಲಿ ಉಳಿಯುವ ಅಚ್ಚು. ಅದರ ಪಕ್ಕದಲ್ಲಿ ಅಗೆಯುವ ಕೋಲು ಇದ್ದರೆ ಕೂತವಳು ಹೆಂಗಸು, ಈಟಿ ಇದ್ದರೆ ಗಂಡಸು. ಸುಖಾಸನಕ್ಕೆಂದು ಹಾಸುವ ಮ್ಯಾಟಿನಲ್ಲಿ ಕೂತವರ ಗುರುತೇ ಅಚ್ಚಾಗಿದೆ ಎಂಬುದು ತಂದುಕೊಟ್ಟವಳಿಗೂ ಗೊತ್ತಿರಲಿಲ್ಲ.

ಅಮ್ಮನ ರಂಗೋಲಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಚುಕ್ಕಿ ಮೊದಲು, ಗೆರೆ ಆಮೇಲೆ. ಅವರಲ್ಲಿ ಹೆಚ್ಚಾಗಿ ಗುರುತುಗಳು ಮೊದಲು, ಚುಕ್ಕಿ ಕೊನೆಗೆ. ಮರಳಿನ ಮೇಲೆ, ಮೈಮೇಲೆ, ಬಂಡೆಯ ಮೇಲೆ ಬರೆಯುತ್ತಿದ್ದ ಈ ಗುರುತುಗಳು ಹಲಗೆಗೂ ಕ್ಯಾನ್ವಾಸಿಗೂ ಬಂದದ್ದು ಈಚೆಗೆ. ಆಲಿಸ್ ಸ್ಪ್ರಿಂಗ್ಸ್‌ನ ವಾಯವ್ಯಕ್ಕಿರುವ ಪಾಪುನ್ಯಾದಲ್ಲಿ 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾ ಮೇಷ್ಟ್ರು ಅಲ್ಲಿನ ಹಿರಿಯರಿಗೆ ಬಣ್ಣ ಒದಗಿಸಿಕೊಟ್ಟರು. ಮರುವರ್ಷವೇ ಕಲಾವಿದರು ಪಾಪುನ್ಯಾ ಟುಲಾ ಎಂಬ ತಮ್ಮದೇ ಕಂಪನಿ ಕಟ್ಟಿಕೊಂಡರು. ಮೊದಮೊದಲ ಹಲಗೆಗಳಲ್ಲಿ ಹೊರಗಿನವರು ನೋಡಬಾರದ ವಿಧಿಯ ವಸ್ತುಗಳೂ ಕಾಣಿಸಿಕೊಂಡು ಬೇರೆ ಸಮುದಾಯದ ಹಿರಿಯರು ಸಿಟ್ಟಾದರು. ಆಮೇಲಾಮೇಲೆ ಚುಕ್ಕಿಗಳು ದಟ್ಟವಾಗಲು ಇದೂ ಒಂದು ಕಾರಣ. ಗುಟ್ಟಿನ ಮೇಲೆ ಎಳೆದ ಪರದೆ ಅವು.

ಯಾರು ಏನನ್ನು ಬೇಕಾದರೂ ಬರೆಯುವಂತಿಲ್ಲ. ನೆಲದ ಹುಟ್ಟು, ಪೂರ್ವಿಕರ ನಡೆ, ಬದುಕಿನ ಕಟ್ಟಳೆ ಎಲ್ಲವೂ ಸೇರಿದ್ದನ್ನು ಈ ಮರುಭೂಮಿಯ ವಾಲ್ಪಿರಿ ಜನ ‘ಜುಕುರ್ಪಾ’ ಎನ್ನುತ್ತಾರೆ. ಯಾವ ಹೊಂಡದ ಕಥೆ ಯಾವ ಮನೆತನದ್ದೋ ಅವರಿಗೇ ಅದನ್ನು ಬರೆಯುವ ಹಕ್ಕು.

ಇನ್ನು ಚಿತ್ರ ಮ್ಯಾಟಿಗೆ ಇಳಿಯುವ ಬಗೆ. ರಬ್ಬರಿನ ಮೇಲೆ ನೇರವಾಗಿ ಬಣ್ಣ ಬಳಿದರೆ ನಾಲ್ಕು ದಿನದ ಸೂರ್ಯನಮಸ್ಕಾರಕ್ಕೆ ಸಿಪ್ಪೆ ಎದ್ದೀತು. ಅದಕ್ಕೇ ಇಂಥ ಚಿತ್ರದ ಮ್ಯಾಟುಗಳಲ್ಲಿ ಸಾಮಾನ್ಯವಾಗಿ ಎರಡು ಪದರ: ಕೆಳಗೆ ರಬ್ಬರು, ಮೇಲೆ ಮೈಕ್ರೋಫೈಬರ್ ಎಂಬ ನವಿರು ಪಾಲಿಯೆಸ್ಟರ್ ಬಟ್ಟೆ. ಚಿತ್ರವನ್ನು ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಬಟ್ಟೆಗೆ ಒತ್ತಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವು ಕೊಡುತ್ತಾರೆ. ಕರ್ಪೂರ ನೀರಾಗದೆ ನೇರ ಆವಿಯಾಗುತ್ತದಲ್ಲ, ಈ ಬಣ್ಣವೂ ಹಾಗೆಯೇ ಆವಿಯಾಗಿ ಎಳೆಯೊಳಕ್ಕೆ ಹೊಕ್ಕು ಕೂರುತ್ತದೆ. ಬೆವರಿಗೂ ನೀರಿಗೂ ಬಿಡುವುದಿಲ್ಲ. ಇಂಥ ಬಟ್ಟೆ ಒಣಗಿದ್ದಾಗ ಕೊಂಚ ಜಾರುತ್ತದೆ, ತೇವವಾದರೆ ಹಿಡಿತ ಬರುತ್ತದೆ. ಶುರುಮಾಡುವ ಮೊದಲು ನಾಲ್ಕು ಹನಿ ನೀರು ಚಿಮುಕಿಸಿ. ಬಿಸಿಲಿಗೆ ಮಾತ್ರ ಹಾಕಬೇಡಿ, ರಬ್ಬರು ಬಿರುಕು ಬಿಡುತ್ತದೆ.

ತಾಂತ್ರಿಕ ತೊಡಕು ಬೇರೆಯೇ ಇದೆ. ಮ್ಯಾಟಿನ ಸಾಮಾನ್ಯ ಅಳತೆ 183 ಸೆಂ.ಮೀ. ಉದ್ದ, 61 ಸೆಂ.ಮೀ. ಅಗಲ, ಅಂದರೆ ಒಂದಕ್ಕೆ ಮೂರು. ಕ್ಯಾನ್ವಾಸಿನ ಚಿತ್ರ ಸಾಮಾನ್ಯವಾಗಿ ಅಷ್ಟು ನೀಳವಾಗಿರುವುದಿಲ್ಲ. ಕತ್ತರಿಸಬೇಕು, ಇಲ್ಲವೇ ಎಳೆಯಬೇಕು. ಕತ್ತರಿಸುವಾಗ ಹೊಂಡವೊಂದು ಹಾರಿಹೋದರೆ ಕಥೆಯೇ ಕೆಟ್ಟಿತು. ಆಸ್ಟ್ರೇಲಿಯಾದ ಕಾಯ್ದೆಗೆ 2000ದಲ್ಲಿ ಸೇರಿದ ನೈತಿಕ ಹಕ್ಕುಗಳ ಪ್ರಕಾರ ಕಲಾವಿದರ ಹೆಸರು ಹಾಕಬೇಕು, ಅವರ ಗೌರವಕ್ಕೆ ಕುಂದಾಗುವಂತೆ ಚಿತ್ರವನ್ನು ತಿದ್ದಬಾರದು. ಮೂಲ ಚಿತ್ರವನ್ನು ಕೊಂಡವರಿಗೆ ಕ್ಯಾನ್ವಾಸ್ ಸಿಗುತ್ತದೆಯೇ ಹೊರತು ಕಾಪಿರೈಟ್ ಸಿಗುವುದಿಲ್ಲ. ಅದು ಕಲಾವಿದರ ಬಳಿಯೇ ಇರುತ್ತದೆ, ಅವರು ತೀರಿಕೊಂಡ ಮೇಲೂ 70 ವರ್ಷ. ಹಾಗಾಗಿ ಮ್ಯಾಟ್ ಕಂಪನಿ ಕಲಾವಿದರಿಂದಲೋ ಅವರ ಕಲಾಕೇಂದ್ರದ ಮೂಲಕವೋ ಲೈಸೆನ್ಸ್ ಪಡೆಯಬೇಕು: ಯಾವ ಚಿತ್ರ, ಯಾವ ಸರಕಿಗೆ, ಎಷ್ಟು ಕಾಲ, ರಾಯಲ್ಟಿ ಎಷ್ಟು. ಯುಂಡುಮುವಿನಲ್ಲಿ 1985ರಲ್ಲಿ ಶುರುವಾದ ವಾರ್ಲುಕುರ್ಲಾಂಗು ಅಂಥದೊಂದು ಕೇಂದ್ರ. ಅದರ ಒಡೆಯರು ಕಲಾವಿದರೇ.

ಲೈಸೆನ್ಸ್ ಇಲ್ಲದಿದ್ದರೆ? ಪರ್ತ್ ನಗರದ ಕಂಪನಿಯೊಂದು ವಿಯೆಟ್ನಾಮಿನಲ್ಲಿ ನೇಯಿಸಿದ ಕಾರ್ಪೆಟ್‌ಗಳನ್ನು ತರಿಸಿ ಮಾರಿತು. ಚಿತ್ರಗಳು ಮೂಲನಿವಾಸಿಗಳವು, ಅನುಮತಿ ಯಾರದೂ ಇರಲಿಲ್ಲ. ಒಂದು ಚಿತ್ರ ಯಿರ್ಕಲಾದ ಬಾಂಡುಕ್ ಮರಿಕಾ ಅವರದು, ತಮ್ಮ ಕುಲದ ಪವಿತ್ರ ಹೊಂಡದ್ದು. ಅದನ್ನು ಜನ ಕಾಲಲ್ಲಿ ತುಳಿಯುವುದೆಂದರೆ ಅವರಿಗೆ ದುಡ್ಡಿನ ನಷ್ಟಕ್ಕಿಂತ ದೊಡ್ಡದು. ಅನುಮತಿಯಿಲ್ಲದೆ ಬಳಕೆಯಾದರೂ ಕುಲದೆದುರು ಜವಾಬು ಹೇಳಬೇಕಾದವರು ಅವರೇ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1994ರಲ್ಲಿ ಫೆಡರಲ್ ಕೋರ್ಟ್ ಎಂಟು ಮಂದಿ ಕಲಾವಿದರ ಪರವಾಗಿ 1,88,640 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿಸಿತು. ಸಾಂಸ್ಕೃತಿಕ ನೋವನ್ನೂ ಲೆಕ್ಕಕ್ಕೆ ಹಿಡಿಯಿತು. ಸಿಟ್ಟು ಬರಿಸುವ ಸಂಗತಿಯೆಂದರೆ, ಪ್ರತಿ ಕಾರ್ಪೆಟ್‌ಗೂ ಕಲಾವಿದರಿಗೆ ರಾಯಲ್ಟಿ ಸಲ್ಲುತ್ತದೆ ಎಂದು ಅವುಗಳ ಚೀಟಿಯಲ್ಲೇ ಅಚ್ಚಾಗಿತ್ತು.

ಹಾಗಾದರೆ ಮ್ಯಾಟಿನ ಮೇಲೆ ಇಂಥ ಚಿತ್ರವೇ ತಪ್ಪೇ? ನನ್ನ ಮಟ್ಟಿಗೆ ಅಲ್ಲ. ತುಳಿಯಬಹುದಾದ್ದು ಯಾವುದು, ಬಾರದ್ದು ಯಾವುದು ಎಂದು ಹೇಳಬೇಕಾದವರು ಚಿತ್ರ ಬರೆದವರು. ಅವರು ಸ್ವತಃ ಚಿತ್ರ ಆರಿಸಿ ಮ್ಯಾಟಿಗೆ ಕೊಟ್ಟಿದ್ದರೆ ನಮಗೇಕೆ ಸಂಕೋಚ? ಅಮ್ಮನಿಗೆ ಇದು ಒಪ್ಪಿಗೆಯಾಗಿಲ್ಲ, ಹಾಸಿದ ಮ್ಯಾಟನ್ನು ಬಳಸಿಕೊಂಡೇ ಓಡಾಡುತ್ತಾರೆ.

ಕಾನೂನಿಗೂ ಒಂದು ತೂತಿದೆ. ನಿರ್ದಿಷ್ಟ ಚಿತ್ರಕ್ಕೆ ಕಾಪಿರೈಟ್ ಉಂಟು, ಚುಕ್ಕಿಯ ಶೈಲಿಗೆ ಇಲ್ಲ. ಯಾರು ಬೇಕಾದರೂ ಚುಕ್ಕಿಯಿಟ್ಟು ಮಾರಬಹುದು. ಮೂಲನಿವಾಸಿಗಳು ಮಾಡಿದ್ದು ಎಂದು ನಂಬಿಸಿದರೆ ಮಾತ್ರ ಅಪರಾಧ. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗು ಮುಂತಾದವನ್ನು ಹಾಗೆ ಮಾರಿದ ಬಿರುಬಿ ಆರ್ಟ್ ಕಂಪನಿಗೆ 2019ರಲ್ಲಿ 23 ಲಕ್ಷ ಡಾಲರ್ ದಂಡ ಬಿತ್ತು. ಅಷ್ಟಾದರೂ, ಅಲ್ಲಿನ ಪ್ರೊಡಕ್ಟಿವಿಟಿ ಕಮಿಷನ್‌ನ 2022ರ ವರದಿಯಂತೆ, ಈ ಶೈಲಿಯ ನೆನಪಿನ ಕಾಣಿಕೆಗಳಿಗೆ ಜನ ಸುರಿಯುವ ಹಣದಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ನಕಲಿಗೇ ಹೋಗುತ್ತದೆ.

ಆದ್ದರಿಂದ ಕೊಳ್ಳುವಾಗ ಮ್ಯಾಟನ್ನು ಮಗುಚಿ, ಚೀಟಿ ಓದಿ. ಕಲಾವಿದರ ಹೆಸರು, ಅವರ ಸಮುದಾಯ, ಚಿತ್ರದ ಹೆಸರು ಮೂರೂ ಇರಬೇಕು. ಇದ್ದರೂ ಲೈಸೆನ್ಸ್ ಯಾರಿಂದ ಪಡೆದಿರಿ ಎಂದು ಅಂಗಡಿಯವರನ್ನು ಕೇಳಿ. ‘ಅಬೊರಿಜಿನಲ್ ಶೈಲಿ’ ಎಂದಷ್ಟೇ ಬರೆದಿದ್ದರೆ ಸುತ್ತಿ ಅಲ್ಲೇ ಇಟ್ಟು ಬನ್ನಿ.