ಹೊಲಿಗೆ ಬಿಚ್ಚುವ ತನಕ

ದೊಡ್ಡ ಆಪರೇಷನ್ ಆದವರ ಮಂಚದ ಪಕ್ಕ ಒಂದು ಪ್ಲಾಸ್ಟಿಕ್ ಸಾಧನ ಇರುತ್ತದೆ. ಸಾಲಾಗಿ ನಿಂತ ಮೂರು ಪಾರದರ್ಶಕ ಕೊಳವೆ, ಒಂದೊಂದರ ತಳದಲ್ಲಿ ಒಂದು ಬಣ್ಣದ ಚೆಂಡು, ಬದಿಯಲ್ಲೊಂದು ನಳಿಕೆ. ಸ್ಪೈರೋಮೀಟರ್ ಅಂತ ಅದರ ಹೆಸರು. ಕೈಗೆ ಕೊಟ್ಟ ಕೂಡಲೇ ಎಷ್ಟೋ ಜನ ನಳಿಕೆಯನ್ನು ಬಾಯಿಗಿಟ್ಟು ಜೋರಾಗಿ ಊದುತ್ತಾರೆ. ಚೆಂಡು ಅಲ್ಲಾಡುವುದಿಲ್ಲ. ಇನ್ನೂ ಜೋರಾಗಿ ಊದುತ್ತಾರೆ, ಹೊಲಿಗೆ ಜಗ್ಗಿ ನೋವಾಗುತ್ತದೆ, ‘ಇದು ಕೆಟ್ಟುಹೋಗಿದೆ’ ಎಂದು ಕಿಟಕಿಯ ಮೇಲೆ ಇಟ್ಟುಬಿಡುತ್ತಾರೆ. ಅಸಲಿಗೆ ಅದನ್ನು ಊದುವುದಲ್ಲ. ಉಸಿರನ್ನು ನಿಧಾನವಾಗಿ ಒಳಗೆ ಎಳೆಯಬೇಕು. ಆಗ ಚೆಂಡು ಮೇಲೇಳುತ್ತದೆ. ಎರಡು ಮೂರು ಸೆಕೆಂಡು ಅದು ಮೇಲೆಯೇ ನಿಲ್ಲುವ ಹಾಗೆ ಉಸಿರೆಳೆಯುತ್ತಲೇ ಇರಬೇಕು.

ಹೊಟ್ಟೆ ಅಥವಾ ಎದೆ ಕೊಯ್ದ ಮೇಲೆ ನೋವಿಗೆ ಹೆದರಿ ರೋಗಿ ಚಿಕ್ಕಚಿಕ್ಕ ಉಸಿರಲ್ಲೇ ದಿನ ದೂಡುತ್ತಾನೆ, ಬಂದ ಕೆಮ್ಮನ್ನು ತಡೆದುಕೊಳ್ಳುತ್ತಾನೆ. ಶ್ವಾಸಕೋಶದ ತಳಭಾಗದ ಗಾಳಿಚೀಲಗಳು ಮುದುಡಿಕೊಳ್ಳುತ್ತವೆ, ಕಫ ಅಲ್ಲೇ ಕಟ್ಟಿಕೊಳ್ಳುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಚೆಂಡಿನ ಸಾಧನದಲ್ಲಿ ಮಂತ್ರಶಕ್ತಿ ಏನೂ ಇಲ್ಲ. ದೀರ್ಘವಾಗಿ ಉಸಿರೆಳೆದು, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮಿ, ಎದ್ದು ನಾಲ್ಕು ಹೆಜ್ಜೆ ಓಡಾಡಿದರೂ ಕೆಲಸ ಆಗುತ್ತದೆ. ಹಾಗೆ ಮಾಡಬೇಕೆಂದು ರೋಗಿಗೆ ಗೊತ್ತಿರಬೇಕು, ಅಷ್ಟೆ. ಅದೂ ಅರಿವಳಿಕೆಯ ಮಂಪರಿನಿಂದ ಏಳುವ ಮೊದಲೇ.

ಇದನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟರು ಪರೀಕ್ಷೆ ಮಾಡಿಯೇ ನೋಡಿದರು. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್‌ಗೆ ಸಿದ್ಧರಾಗಿದ್ದ 441 ಜನರಲ್ಲಿ ಅರ್ಧದಷ್ಟು ಮಂದಿಗೆ ಉಸಿರಾಟದ ವ್ಯಾಯಾಮ ವಿವರಿಸುವ ಕಿರುಪುಸ್ತಕ ಮಾತ್ರ ಕೊಟ್ಟರು. ಉಳಿದವರಿಗೆ ಪುಸ್ತಕದ ಜೊತೆಗೆ, ಆಪರೇಷನ್‌ಗೆ ಮೊದಲು ಒಂದೇ ಒಂದು ಸಲ, ಅರ್ಧ ಗಂಟೆ ಎದುರು ಕೂರಿಸಿಕೊಂಡು ಹೇಳಿಕೊಟ್ಟರು: ಎಚ್ಚರವಾದ ಕೂಡಲೇ ಶುರು ಮಾಡಿ, ಗಂಟೆಗೊಮ್ಮೆ ಮಾಡಿ, ಮಾಡದಿದ್ದರೆ ಹೀಗಾಗುತ್ತದೆ. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಪುಸ್ತಕ ಮಾತ್ರ ಪಡೆದವರಲ್ಲಿ ನೂರಕ್ಕೆ 27 ಜನರಿಗೆ ಶ್ವಾಸಕೋಶದ ತೊಂದರೆ ಕಾಣಿಸಿಕೊಂಡಿತು. ಹೇಳಿಸಿಕೊಂಡವರಲ್ಲಿ 12 ಜನರಿಗೆ. ಯಾವ ಹೊಸ ಔಷಧಿಯೂ ಇಲ್ಲ, ಯಂತ್ರವೂ ಇಲ್ಲ. ಬರೀ ಅರ್ಧ ಗಂಟೆಯ ಮಾತು. ನಮ್ಮ ಹೊರರೋಗಿ ವಿಭಾಗಗಳಲ್ಲಿ ಯಾರ ಬಳಿಯೂ ಇಲ್ಲದ ವಸ್ತು ಅಂದರೆ ಅದೇ ಅರ್ಧ ಗಂಟೆ.

ಹೇಳಿದರೂ ನೆನಪಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಡಾಕ್ಟರ ಕೋಣೆಯಲ್ಲಿ ಕೇಳಿದ್ದರಲ್ಲಿ ನೂರಕ್ಕೆ 40ರಿಂದ 80ರಷ್ಟು ಹೊರಗೆ ಬರುವಷ್ಟರಲ್ಲೇ ಮರೆತುಹೋಗುತ್ತದೆ, ನೆನಪಿರುವುದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ‘ಆಪರೇಷನ್’ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಉಳಿದ ಮಾತು ತಲೆಗೆ ಹೋಗದಿರುವುದು ಸಹಜವೇ. ಮೊಬೈಲು ಕೆಲಸಕ್ಕೆ ಬರುವುದು ಇಲ್ಲಿ. ಒಂದೇ ಸಲ ಹೇಳಬೇಕಾಗಿದ್ದನ್ನು ಬಿಡಿಸಿ, ಆಯಾ ದಿನಕ್ಕೆ ಬೇಕಾದಷ್ಟನ್ನು ಆಯಾ ದಿನ ಕಳಿಸಬಹುದು. ವಿಡಿಯೊ ಆದರೆ ಹತ್ತು ಸಲ ನೋಡಬಹುದು, ಅತ್ತೆಗೂ ತೋರಿಸಬಹುದು.

ಉಪವಾಸದ ಮಾತನ್ನೇ ತೆಗೆದುಕೊಳ್ಳಿ. 1946ರಲ್ಲಿ ನ್ಯೂಯಾರ್ಕಿನ ಪ್ರಸೂತಿ ತಜ್ಞ ಕರ್ಟಿಸ್ ಮೆಂಡೆಲ್ಸನ್, ಹೆರಿಗೆಯ ವೇಳೆ ಅರಿವಳಿಕೆಯಲ್ಲಿದ್ದ ಹೆಂಗಸರ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆ ಎಂದು ವಿವರಿಸಿದ. ಮಧ್ಯರಾತ್ರಿಯ ನಂತರ ಹನಿ ನೀರೂ ಬೇಡ ಎಂಬ ನಿಯಮ ಆಮೇಲೆ ಎಲ್ಲೆಡೆ ಬೇರೂರಿತು. ಈಗ ಅರಿವಳಿಕೆ ತಜ್ಞರ ನಿಯಮ ಅಷ್ಟು ಕಟುವಾಗಿಲ್ಲ: ಬೇರೆ ತೊಂದರೆ ಇಲ್ಲದವರು ಯೋಜಿತ ಆಪರೇಷನ್‌ಗೆ 2 ಗಂಟೆ ಮೊದಲಿನವರೆಗೂ ನೀರು ಕುಡಿಯಬಹುದು, ಲಘು ಆಹಾರ 6 ಗಂಟೆ ಮೊದಲು ನಿಲ್ಲಬೇಕು, ಕರಿದದ್ದು, ಮಾಂಸ ಆದರೆ 8 ಗಂಟೆಯೋ ಇನ್ನೂ ಹೆಚ್ಚೋ. ನಮ್ಮವರು ಎಡವುವುದು ಕಾಫಿಯಲ್ಲಿ. ‘ಏನೂ ತಿಂದಿಲ್ಲ ಡಾಕ್ಟ್ರೇ, ಬೆಳಗ್ಗೆ ಒಂದು ಲೋಟ ಕಾಫಿ ಅಷ್ಟೆ.’ ಹಾಲು ಬೆರೆತ ಕಾಫಿ ಈ ಲೆಕ್ಕದಲ್ಲಿ ನೀರಲ್ಲ, ಆಹಾರ. ಆಪರೇಷನ್ ಮುಂದಕ್ಕೆ ಹೋಗುತ್ತದೆ. ಹಿಂದಿನ ರಾತ್ರಿ ‘ನಾಳೆ ಬೆಳಗ್ಗೆ ಕಾಫಿ, ಮಜ್ಜಿಗೆ ಬೇಡ’ ಎಂದು ಬಂದ ಒಂದು ಸಾಲಿನ ಸಂದೇಶ ಇದನ್ನು ತಪ್ಪಿಸೀತು.

ಮಾತ್ರೆಗಳ ವಿಷಯ ಇನ್ನೂ ಸೂಕ್ಷ್ಮ. ಸಕ್ಕರೆ ಕಾಯಿಲೆಗೆ ಈಗ ಧಾರಾಳವಾಗಿ ಬರೆಯುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳನ್ನು ಯೋಜಿತ ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಲು ಡಾಕ್ಟರು ಹೇಳುತ್ತಾರೆ. ನಿಲ್ಲಿಸದೆ ಉಪವಾಸ ಕೂತರೆ, ಸಕ್ಕರೆ ಹೆಚ್ಚೇನೂ ಏರದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ‘ಶುಗರ್ ಮಾತ್ರೆ ತಗೋತೀನಿ’ ಎನ್ನುವ ರೋಗಿಗೆ ಅದರ ಹೆಸರು ಗೊತ್ತಿರುವುದಿಲ್ಲ. ವಾರದ ಮೊದಲೇ ‘ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳ ಫೋಟೊ ಕಳಿಸಿ’ ಎಂದು ಕೇಳುವ ವ್ಯವಸ್ಥೆ ಆಸ್ಪತ್ರೆಯಲ್ಲಿದ್ದರೆ ಸಾಕು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ತೀರ್ಮಾನಿಸಬೇಕಾದವರು ಆ ಫೋಟೊ ನೋಡಿದ ಡಾಕ್ಟರು. ಕೇಸ್ ಶೀಟನ್ನೇ ಕಾಣದ ಚಾಟ್‌ಬಾಟ್ ಎಷ್ಟು ನಯವಾಗಿ ಉತ್ತರಿಸಿದರೂ ಆ ಕೆಲಸ ಅದರದ್ದಲ್ಲ.

ಡಿಸ್ಚಾರ್ಜ್ ಆದ ಮೇಲಿನ ಕಥೆಗೆ ನೆದರ್‌ಲೆಂಡ್ಸಿನ ಉದಾಹರಣೆ ನನಗೆ ಹಿಡಿಸಿದ್ದು. ಅಲ್ಲಿನ 7 ಆಸ್ಪತ್ರೆಗಳಲ್ಲಿ ಪಿತ್ತಕೋಶ, ಹರ್ನಿಯಾದಂಥ ಆಪರೇಷನ್ ಆದ 344 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಮಾಹಿತಿಯ ಜಾಲತಾಣ. ಇನ್ನೊಂದಕ್ಕೆ, ಅವರವರ ಕೆಲಸಕಾರ್ಯ ಕೇಳಿಕೊಂಡು ಯಾವ ದಿನದಿಂದ ಏನು ಮಾಡಬಹುದು ಎಂದು ಹೇಳುವ ಆ್ಯಪ್, ನಡಿಗೆ ಅಳೆಯುವ ಸಾಧನ, ಪ್ರಶ್ನೆ ಕೇಳಲು ಅವಕಾಶ. ಮೊದಲ ಗುಂಪಿನವರು ಎಂದಿನ ಕೆಲಸಗಳಿಗೆ ಮರಳಲು 26 ದಿನ ಹಿಡಿದರೆ ಎರಡನೆಯವರಿಗೆ 21 ದಿನ ಸಾಕಾಯಿತು. ಐದು ದಿನ ಉಳಿತಾಯ. ದಿನಗೂಲಿಯವರಿಗೆ ಇದರ ಬೆಲೆ ಗೊತ್ತು. ‘ಭಾರ ಎತ್ತಬೇಡಿ’ ಎಂದಷ್ಟೇ ಹೇಳಿ ಕಳಿಸುವುದು ನಮ್ಮಲ್ಲಿ ರೂಢಿ. ಭಾರ ಎಂದರೆ ಎಷ್ಟು? ತುಂಬಿದ ಕೊಡವೇ, ಮೊಮ್ಮಗುವೇ, ಹಾಲಿನ ಕ್ಯಾನೇ? ಎಷ್ಟು ದಿನ? ಹೇಳದಿದ್ದರೆ ಒಬ್ಬರು ಮೂರನೇ ದಿನವೇ ಕೊಡ ಎತ್ತುತ್ತಾರೆ, ಇನ್ನೊಬ್ಬರು ಮೂರು ತಿಂಗಳು ಹಾಸಿಗೆ ಬಿಡುವುದಿಲ್ಲ.

ಗಾಯಕ್ಕೆ ಕೀವಾಗುವುದು ಸಾಮಾನ್ಯವಾಗಿ ಮನೆಗೆ ಹೋದ ಮೇಲೆ. ಎಡಿನ್‌ಬರೋದಲ್ಲಿ ತುರ್ತಾಗಿ ಹೊಟ್ಟೆಯ ಆಪರೇಷನ್ ಆದ 492 ಜನರ ಅಧ್ಯಯನದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಜನ ಮೊಬೈಲಿನಲ್ಲಿ ಗಾಯದ ಫೋಟೊ ಕಳಿಸಿ, ನೋವು, ಜ್ವರದ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಮೊದಲ ಏಳು ದಿನದಲ್ಲೇ ಸೋಂಕು ಪತ್ತೆಯಾಗುವ ಸಾಧ್ಯತೆ ಇವರಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಇತ್ತು. ತಿಂಗಳಿಡೀ ಲೆಕ್ಕ ಹಾಕಿದಾಗ ಮಾತ್ರ ಪತ್ತೆಗೆ ತಗುಲಿದ ಸಮಯದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆನಡಾದಲ್ಲಿ ಕೋವಿಡ್ ಕಾಲದಲ್ಲಿ 905 ಜನರ ಮೇಲೆ ನಡೆದ ಪ್ರಯೋಗವೂ ಇಂಥದ್ದೇ. ಟ್ಯಾಬ್ಲೆಟ್, ಬಿಪಿ ಅಳೆಯುವ ಯಂತ್ರ ಕೊಟ್ಟು ನರ್ಸುಗಳು ದೂರದಿಂದಲೇ ನಿಗಾ ಇಟ್ಟರು. ಮನೆಯಲ್ಲಿ ಕಳೆದ ದಿನಗಳ ಸಂಖ್ಯೆಯೇನೂ ಹೆಚ್ಚಲಿಲ್ಲ. ಆದರೆ ಔಷಧಿಯ ತಪ್ಪುಗಳು ನೂರರಲ್ಲಿ ಸುಮಾರು 30 ಜನರಲ್ಲಿ ಸಿಕ್ಕಿಬಿದ್ದವು. ಹಳೆಯ ಪದ್ಧತಿಯ ಗುಂಪಿನಲ್ಲಿ ಸಿಕ್ಕಿದ್ದು ಸುಮಾರು 6 ಜನರಲ್ಲಿ. ನೋವೂ ಕಡಿಮೆ ಇತ್ತು. ಆ್ಯಪ್ ಮಾರುವವರು ಇಂಥ ಅಧ್ಯಯನದ ಒಂದೇ ಬದಿ ತೋರಿಸುತ್ತಾರೆ, ಎಚ್ಚರ. ಎರಡೂ ಪ್ರಯೋಗದಲ್ಲಿ ಆಚೆ ತುದಿಯಲ್ಲಿ ಮನುಷ್ಯರಿದ್ದರು ಎಂಬುದನ್ನೂ ಅವರು ಒತ್ತಿ ಹೇಳುವುದಿಲ್ಲ. ಕಳಿಸಿದ ಫೋಟೊವನ್ನು ಯಾರೂ ತೆರೆದು ನೋಡದಿದ್ದರೆ, ಕಳಿಸದೇ ಇದ್ದದ್ದೇ ಮೇಲು. ‘ಡಾಕ್ಟರು ನೋಡಿರ್ತಾರೆ’ ಎಂದು ಮನೆಯವರು ಸುಮ್ಮನಾಗುವುದಾದರೂ ತಪ್ಪುತ್ತಿತ್ತು.

ನಮ್ಮ ಪರಿಸ್ಥಿತಿಗೆ ಹತ್ತಿರವಾದ ಕೆಲಸ ಶುರುವಾದದ್ದು ನಮ್ಮಲ್ಲೇ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ತರಗತಿಯ ಯೋಜನೆಗಾಗಿ ನಾರಾಯಣ ಆಸ್ಪತ್ರೆಗೆ ಬಂದರು. ಹೃದಯದ ಆಪರೇಷನ್ ಆದವರ ಕಡೆಯವರು ದಿನಗಟ್ಟಲೆ ಮೊಗಸಾಲೆಯಲ್ಲಿ ಕಾಯುತ್ತಿದ್ದರು. ಮನೆಗೆ ಹೋದ ಮೇಲೆ ನರ್ಸಿನ ಕೆಲಸವೆಲ್ಲ ಇವರದೇ, ಆದರೆ ಇವರಿಗೆ ಯಾರೂ ಏನೂ ಕಲಿಸಿರಲಿಲ್ಲ. ಹಾಗೆ ಹುಟ್ಟಿದ್ದು ನೂರಾ ಹೆಲ್ತ್ ಸಂಸ್ಥೆ. ನರ್ಸುಗಳು ವಾರ್ಡಿನಲ್ಲೇ ಮನೆಯವರನ್ನು ಕೂರಿಸಿ ಕೈತೊಳೆಯುವುದು, ಗಾಯ ನೋಡಿಕೊಳ್ಳುವುದು, ಯಾವುದಕ್ಕೆ ಹೆದರಬೇಕು ಎಂಬುದನ್ನು ಅವರ ಭಾಷೆಯಲ್ಲೇ ಕಲಿಸುವ ಪದ್ಧತಿ ಅದು. ಮುಂದೆ ಅದಕ್ಕೆ ವಾಟ್ಸಾಪ್ ಸಂದೇಶ, ಫೋನ್ ಕರೆಗಳೂ ಸೇರಿದವು. ನನಗಿಲ್ಲಿ ಮುಖ್ಯ ಅನ್ನಿಸುವುದು ತಂತ್ರಜ್ಞಾನವಲ್ಲ, ಅದು ಯಾರಿಗೆ ಮಾತಾಡುತ್ತದೆ ಎಂಬುದು. ಪಶ್ಚಿಮದ ಆ್ಯಪ್‌ಗಳು ರೋಗಿಯ ಕೈಯಲ್ಲೇ ಫೋನ್ ಇದೆ ಎಂದುಕೊಂಡಿರುತ್ತವೆ. ನಮ್ಮಲ್ಲಿ ರೋಗಿ ತಾಯಿ ಶಿರಸಿಯಲ್ಲಿ, ಸ್ಮಾರ್ಟ್‌ಫೋನ್ ಬೆಂಗಳೂರಿನ ಮಗನ ಬಳಿ, ಡ್ರೆಸ್ಸಿಂಗ್ ಮಾಡುವವಳು ಸೊಸೆ.

ಕೇಳುವ ಪ್ರಶ್ನೆಗಳೂ ಬೇರೆ. ‘ಬದನೆಕಾಯಿ ತಿಂದರೆ ನಂಜಾಗುತ್ತಾ? ಮೊಟ್ಟೆ ಕೊಡಬಹುದಾ? ತಲೆಗೆ ನೀರು ಹಾಕಬಹುದಾ?’ ಗಾಯ ಕೂಡಲು ಪ್ರೋಟೀನ್ ಬೇಕು. ನಂಜಿನ ಭಯಕ್ಕೆ ಮೊಟ್ಟೆ, ಕಡಲೆಕಾಯಿ ಬಿಡಿಸಿ ಬರೀ ಗಂಜಿಯಲ್ಲಿ ಇಟ್ಟರೆ ಗಾಯ ಮಾಯುವುದು ತಡವಾಗುತ್ತದೆ. ಇಂಗ್ಲಿಷಿನಿಂದ ಅನುವಾದ ಮಾಡಿದ ಆ್ಯಪಿನಲ್ಲಿ ಬದನೆಕಾಯಿಗೆ ಉತ್ತರ ಇರುವುದಿಲ್ಲ. ಚರ್ಮದ ಬಣ್ಣದ್ದೂ ಒಂದು ತೊಡಕು. ‘ಗಾಯದ ಸುತ್ತ ಕೆಂಪಾದರೆ ತಿಳಿಸಿ’ ಎಂಬ ಸೂಚನೆ ಬಿಳಿ ಚರ್ಮಕ್ಕೆ ಬರೆದದ್ದು. ನಮ್ಮ ಕಂದು ಚರ್ಮದ ಮೇಲೆ ಅದು ಕಪ್ಪಗೋ ನೇರಳೆಯಾಗಿಯೋ ಕಾಣಬಹುದು, ಕಾಣದೆಯೂ ಇರಬಹುದು. ಅಂಗೈಯ ಹಿಂಭಾಗ ಇಟ್ಟು ನೋಡಿದಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಊತ ಇದೆಯೇ, ನೋವು ದಿನೇ ದಿನೇ ಇಳಿಯುವ ಬದಲು ಏರುತ್ತಿದೆಯೇ, ವಾಸನೆ ಇದೆಯೇ ಎಂಬುದೇ ನಂಬಬಹುದಾದ ಗುರುತು. ಇವುಗಳಲ್ಲಿ ಹೆಚ್ಚಿನವನ್ನು ಫೋಟೊ ಹೇಳುವುದಿಲ್ಲ, ಬರೆದು ತಿಳಿಸಬೇಕು.

2020ರ ಮಾರ್ಚಿನಲ್ಲಿ ಬಂದ ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ವಾಟ್ಸಾಪಿನಂಥ ಮಾಧ್ಯಮದಲ್ಲೂ ಸಲಹೆ ಕೊಡಬಹುದು. ಆದ್ದರಿಂದ ಡಿಸ್ಚಾರ್ಜ್ ದಿನ ಬಿಲ್ ಕಟ್ಟುವಾಗಲೇ ಕೇಳಿಟ್ಟುಕೊಳ್ಳಿ: ಫೋಟೊ ಯಾವ ನಂಬರಿಗೆ ಕಳಿಸಬೇಕು, ಯಾರು ನೋಡುತ್ತಾರೆ, ಭಾನುವಾರ ನೋಡುತ್ತಾರೆಯೇ? ಫೋಟೊವನ್ನು ಹಗಲು ಬೆಳಕಲ್ಲಿ, ಫ್ಲ್ಯಾಷ್ ಇಲ್ಲದೆ, ದಿನವೂ ಅಷ್ಟೇ ದೂರದಿಂದ ತೆಗೆಯಿರಿ. ಗಾಯಕ್ಕೆ ತಾಗದಂತೆ ಪಕ್ಕದಲ್ಲೊಂದು ಸ್ಕೇಲ್ ಹಿಡಿದರೆ ಊತ ಹೆಚ್ಚಿದ್ದು ಗೊತ್ತಾಗುತ್ತದೆ. ಇಷ್ಟೆಲ್ಲ ನಿಧಾನಕ್ಕೆ ಬೆಳೆಯುವ ತೊಂದರೆಗಳಿಗೆ. ಇದ್ದಕ್ಕಿದ್ದಂತೆ ಎದೆನೋವು, ಉಸಿರು ಸಿಗದ ಹಾಗಾಗುವುದು, ನಿಲ್ಲದ ರಕ್ತ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ಆ್ಯಪಿಗೆ ಹೇಳುವ ಸಂಗತಿಗಳಲ್ಲ. ಕಾಲು ಊದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಉಳಿದ ಮೂರಕ್ಕೆ ಆ ಕ್ಷಣವೇ 108ಕ್ಕೆ ಫೋನ್ ಮಾಡಬೇಕು.